ಕೊನೆಯ ಪಂಕ್ತಿಯ ಮತ: ಅಮೆರಿಕದ ಪ್ರೈಮರಿ ಚುನಾವಣೆಗಳ ನ್ಯಾಯ ಮತ್ತು ಖರ್ಚು

ಎಡಿಸನ್ ನಿವಾಸಿ (ನ್ಯೂಜೆರ್ಸಿ):

ಅಮೆರಿಕದ ಪೌರತ್ವ ದೊರೆತ ಮೇಲೆ ನಾನು ಹಾಕಿದ ಮೊದಲ ಮತ 2016ರ ಜೂನ್ 7ರಂದು, ನಮ್ಮ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ. ಹಿಂದಿನ ರಾತ್ರಿಯೇ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆ ಹಿಲರಿ ಕ್ಲಿಂಟನ್ ಅವರಿಗೆ ಬೇಕಾದಷ್ಟು ಡೆಲಿಗೇಟುಗಳ, ಅಂದರೆ ಪಕ್ಷದ ಅಧಿವೇಶನದಲ್ಲಿ ಅಭ್ಯರ್ಥಿಗೆ ಮತ ಹಾಕುವ ಪ್ರತಿನಿಧಿಗಳ, ಬೆಂಬಲ ಸಿಕ್ಕಿದೆಯೆಂದು ಪ್ರಕಟಿಸಿತ್ತು. ರಿಪಬ್ಲಿಕನ್ ಪಕ್ಷದ ಕಡೆ ಕ್ರೂಜ್ ಮತ್ತು ಕೇಸಿಕ್ ಇಬ್ಬರೂ ಮೇ ತಿಂಗಳ ಮೊದಲ ವಾರದಲ್ಲೇ ಹಿಂದೆ ಸರಿದಿದ್ದರಿಂದ ಟ್ರಂಪ್ ಅವರಿಗೆ ಎದುರಾಳಿಯೇ ಉಳಿದಿರಲಿಲ್ಲ. ಮತಗಟ್ಟೆಯಲ್ಲಿದ್ದ ಹಿರಿಯ ಮಹಿಳೆ ನನ್ನ ಸಹಿ ಪಡೆದು ಬಹಳ ಗಂಭೀರವಾಗಿ ಯಂತ್ರದ ಕಡೆ ಕೈ ತೋರಿಸಿದರು. ಗುಂಡಿ ಒತ್ತಿ ಹೊರಗೆ ಬಂದಾಗ, ಮದುವೆಯಲ್ಲಿ ಕೊನೆಯ ಪಂಕ್ತಿಗೆ ಕುಳಿತು ತಿಳಿಸಾರು ಮಾತ್ರ ಉಂಡು ಎದ್ದವನ ಹಾಗೆ ಅನ್ನಿಸಿತು.

2020ರಲ್ಲಿ ಸಾಂಕ್ರಾಮಿಕದ ಕಾರಣ ನಮ್ಮ ಪ್ರೈಮರಿಯನ್ನು ಜುಲೈ 7ಕ್ಕೆ ಮುಂದೂಡಿದರು. ಬೈಡನ್ ಅವರಿಗೆ ಬಹುಮತ ಅದಕ್ಕೆ ಒಂದು ತಿಂಗಳು ಮೊದಲೇ ಸಿಕ್ಕಿತ್ತು. ತೊಂಬತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ರಾಜ್ಯದ ಮತಕ್ಕೆ ಇಲ್ಲದ ಬೆಲೆ ಹದಿನಾಲ್ಕು ಲಕ್ಷ ಜನರಿರುವ ನ್ಯೂಹ್ಯಾಂಪ್‌ಶೈರಿನ ಮತಕ್ಕೆ ಏಕೆ ಇರಬೇಕು, ಮತ್ತು ಯಾರ ಹಣದಲ್ಲಿ ಈ ಆರು ತಿಂಗಳ ಜಾತ್ರೆ ನಡೆಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ಯಾರು ಗೆಲ್ಲಬೇಕಿತ್ತು, ಯಾರು ಸೋಲಬೇಕಿತ್ತು ಎಂಬ ಚರ್ಚೆ ಇಲ್ಲಿ ಬೇಡವೆಂದು ವಿನಂತಿ.

ಹಳೇ ಮೇಷ್ಟ್ರು (ಧಾರವಾಡ):

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಈ ಕ್ರಮವನ್ನು ಯಾರೂ ಕುಳಿತು ಯೋಚಿಸಿ ರೂಪಿಸಿದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಪಕ್ಷದ ಮುಖಂಡರು ಮಹಾಧಿವೇಶನದಲ್ಲಿ ತಮ್ಮೊಳಗೇ ತೀರ್ಮಾನಿಸುತ್ತಿದ್ದರು. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅಂದು ನಡೆದ ಪ್ರೈಮರಿಗಳಲ್ಲಿ ಹೆಚ್ಚಿನವನ್ನು ಗೆದ್ದರೂ ಟಿಕೆಟ್ ಹೋದದ್ದು ಟಾಫ್ಟ್ ಅವರಿಗೆ. ಅಂದರೆ ಪ್ರೈಮರಿ ಎಂಬುದು ಬಹುಕಾಲ ಜನಪ್ರಿಯತೆಯ ಪ್ರದರ್ಶನವಾಗಿತ್ತೇ ಹೊರತು ತೀರ್ಪಾಗಿರಲಿಲ್ಲ.

ಅದು ಬದಲಾದದ್ದು 1968ರ ನಂತರ. ಆ ವರ್ಷ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲಿಯೂ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಪ್ರೈಮರಿಗಳಲ್ಲಿ ಮತ ಹಾಕಿದ್ದ ಲಕ್ಷಾಂತರ ಜನರಿಗೆ ಷಿಕಾಗೋ ಅಧಿವೇಶನದಲ್ಲಿ ದೊರೆತದ್ದು ಹೊರಗಿನ ಬೀದಿಯಲ್ಲಿ ಪೊಲೀಸರ ಲಾಠಿ. ಆ ಅವಮಾನದಿಂದ ಹುಟ್ಟಿದ ಮೆಕ್‌ಗವರ್ನ್-ಫ್ರೇಸರ್ ಆಯೋಗ, ಡೆಲಿಗೇಟುಗಳ ಆಯ್ಕೆ ಎಲ್ಲ ಸದಸ್ಯರಿಗೂ ತೆರೆದಿರಬೇಕೆಂದು ನಿಯಮ ಮಾಡಿತು. ಆ ನಿಯಮ ಪಾಲಿಸಲು ಪ್ರೈಮರಿಯೇ ಸುಲಭದ ದಾರಿಯೆಂದು ಕಂಡುಕೊಂಡ ರಾಜ್ಯಗಳು ಒಂದೊಂದಾಗಿ ಅತ್ತ ವಾಲಿದವು.

ಐಯೋವ ಮೊದಲಿಗೆ ಬಂದದ್ದು ಈ ಗಡಿಬಿಡಿಯಲ್ಲಿ. ಅಲ್ಲಿ ಪ್ರೈಮರಿಯ ಬದಲು ಇರುವುದು ಕಾಕಸ್, ಅಂದರೆ ಪಕ್ಷದವರು ಸಭೆ ಸೇರಿ ಅಭ್ಯರ್ಥಿಯ ಬಗ್ಗೆ ತೀರ್ಮಾನಿಸುವ ಪದ್ಧತಿ. ಅದು ಒಂದೇ ಸಭೆಯಲ್ಲ. ಬಡಾವಣೆ, ಕೌಂಟಿ, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಸಭೆಗಳ ಸರಣಿ. ಹೊಸ ನಿಯಮದಂತೆ ಪ್ರತಿ ಮೆಟ್ಟಿಲಿನ ನಡುವೆ ಸಾಕಷ್ಟು ಕಾಲಾವಕಾಶ ಬಿಡಬೇಕಾಗಿದ್ದರಿಂದ 1972ರಲ್ಲಿ ಮೊದಲ ಸಭೆಯನ್ನು ಜನವರಿಗೆ ಎಳೆದುಕೊಂಡರು. 1976ರಲ್ಲಿ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಜಿಮ್ಮಿ ಕಾರ್ಟರ್ ಅಲ್ಲಿಂದ ಸುದ್ದಿಯಾದ ಮೇಲೆ ಆ ಜನವರಿ ಸಂಜೆಗೆ ದೈವತ್ವ ಬಂದುಬಿಟ್ಟಿತು. ವಿನೋದವೆಂದರೆ, ಅಂದು ಐಯೋವದಲ್ಲಿ ಕಾರ್ಟರ್ ಅವರಿಗಿಂತ ಹೆಚ್ಚು ಬೆಂಬಲ ಪಡೆದದ್ದು 'ಯಾರಿಗೂ ಬದ್ಧರಲ್ಲ' ಎಂಬ ಗುಂಪು. ಪತ್ರಿಕೆಗಳು ಎರಡನೆಯವರನ್ನು ಗೆದ್ದವರೆಂದು ಬರೆದವು. ನ್ಯೂಹ್ಯಾಂಪ್‌ಶೈರ್ 1920ರಿಂದ ಮೊದಲ ಪ್ರೈಮರಿ ನಡೆಸುತ್ತಿದ್ದು, ಬೇರೆ ಯಾವುದೇ ರಾಜ್ಯದ ಅಂಥದೇ ಚುನಾವಣೆಗಿಂತ ಕನಿಷ್ಠ ಏಳು ದಿನ ಮೊದಲು ತನ್ನದು ನಡೆಯಬೇಕೆಂದು ಕಾನೂನನ್ನೇ ಬರೆದುಕೊಂಡಿದೆ. ಪಂಕ್ತಿಯಲ್ಲಿ ಯಾರು ಮೊದಲು ಕೂರಬೇಕೆಂಬುದನ್ನು ಕುಳಿತವರೇ ತೀರ್ಮಾನಿಸಿದರೆ ಹೇಗೋ ಹಾಗೆ.

ಜೋಳದ ಹೊಲ (ಐಯೋವ):

ಮೇಷ್ಟ್ರ ಕೊನೆಯ ವಾಕ್ಯಕ್ಕೆ ನಾನು ಸ್ವಲ್ಪ ತಕರಾರು ತೆಗೆಯಬೇಕು, ಏಕೆಂದರೆ ನಾನು ಆ ಮೊದಲ ಪಂಕ್ತಿಯಲ್ಲಿ ಕುಳಿತವಳು. 2016ರ ಫೆಬ್ರುವರಿ 1ರ ಸಂಜೆ ಏಳು ಗಂಟೆಗೆ ನಮ್ಮ ಬಡಾವಣೆಯ ಡೆಮಾಕ್ರಟಿಕ್ ಕಾಕಸ್ ಶಾಲೆಯೊಂದರ ಆಟದ ಸಭಾಂಗಣದಲ್ಲಿ ನಡೆಯಿತು. ಅಲ್ಲಿ ಮತಪತ್ರವೂ ಇಲ್ಲ, ಪರದೆಯೂ ಇಲ್ಲ. ಕ್ಲಿಂಟನ್ ಬೆಂಬಲಿಗರು ಒಂದು ಗೋಡೆಯ ಬಳಿ, ಸ್ಯಾಂಡರ್ಸ್ ಬೆಂಬಲಿಗರು ಎದುರಿನ ಬ್ಯಾಸ್ಕೆಟ್‌ಬಾಲ್ ಕಂಬದ ಕೆಳಗೆ ಹೋಗಿ ನಿಲ್ಲಬೇಕು. ಒಬ್ಬೊಬ್ಬರೂ 'ಒಂದು, ಎರಡು, ಮೂರು' ಎಂದು ತಮ್ಮ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಬೇಕು. ಓಮ್ಯಾಲಿ ಅವರ ಪರವಾಗಿ ನಿಂತಿದ್ದ ಐದಾರು ಮಂದಿಗೆ ಗುಂಪು ಉಳಿಯಲು ಬೇಕಾದ ಶೇ 15ರ ಮಿತಿ ದಾಟಲಾಗದೆ ಹೋದಾಗ, ಎರಡೂ ಕಡೆಯವರು ಅವರನ್ನು ಸುತ್ತುವರಿದು ಒಲಿಸಿಕೊಳ್ಳಲು ಯತ್ನಿಸಿದರು. ಒಬ್ಬರು ಕುಕೀ ಡಬ್ಬಿಯನ್ನೇ ಮುಂದೆ ಚಾಚಿದ್ದನ್ನು ಕಣ್ಣಾರೆ ಕಂಡೆ. ಪಕ್ಕದ ಮನೆಯ ಅಜ್ಜ ನನ್ನ ಎದುರಿನ ಗುಂಪಿನಲ್ಲಿದ್ದರು, ಕಾರ್ಯಕ್ರಮ ಮುಗಿದ ಮೇಲೆ ಅವರೇ ನಮ್ಮ ಕಾರಿನ ಗಾಜಿನ ಮೇಲಿನ ಹಿಮ ಕೆರೆದುಕೊಟ್ಟರು. ನೆರೆಹೊರೆಯವರು ಮುಖಕ್ಕೆ ಮುಖ ಕೊಟ್ಟು ರಾಜಕೀಯ ಮಾತಾಡುವ ಇಂಥ ಸಂಜೆ ನ್ಯೂಜೆರ್ಸಿಯ ಯಂತ್ರದ ಮುಂದೆ ಸಿಗುವುದಿಲ್ಲ.

ಆದರೆ ಸತ್ಯ ಹೇಳಬೇಕು. ನನ್ನ ಯಜಮಾನರು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿದ್ದರು, ಅವರು ಬರಲಾಗಲಿಲ್ಲ. ಮಗುವನ್ನು ಬಿಟ್ಟು ಬರಲಾಗದ ಗೆಳತಿಯೊಬ್ಬಳು ಬರಲಿಲ್ಲ. ಗುಪ್ತ ಮತದಾನವಿಲ್ಲದ್ದರಿಂದ ಮಾಲೀಕರ ಎದುರಲ್ಲಿ ನಿಲ್ಲಲು ಹಿಂಜರಿದವರೂ ಇದ್ದರು. ಅಂದಿನ ಇಡೀ ರಾಜ್ಯದ ಫಲಿತಾಂಶ ಕ್ಲಿಂಟನ್ ಶೇ 49.8, ಸ್ಯಾಂಡರ್ಸ್ ಶೇ 49.6; ಕೆಲವು ಕಡೆ ಸಮ ಬಂದ ಡೆಲಿಗೇಟನ್ನು ನಾಣ್ಯ ಚಿಮ್ಮಿ ಹಂಚಿದರು. ಅದಕ್ಕೂ ನಾಲ್ಕು ವರ್ಷದ ಹಿಂದೆ, 2012ರ ರಿಪಬ್ಲಿಕನ್ ಕಾಕಸಿನಲ್ಲಿ ರಾತ್ರಿ ರಾಮ್ನಿ ಎಂಟು ಮತಗಳಿಂದ ಗೆದ್ದರೆಂದು ಹೇಳಿ, ಎರಡು ವಾರದ ಮೇಲೆ ಲೆಕ್ಕ ಪರಿಶೀಲಿಸಿ ಸ್ಯಾಂಟೋರಮ್ 34 ಮತ ಮುಂದಿದ್ದಾರೆಂದರು. ಕಡೆಗೆ ಅಧಿವೇಶನದಲ್ಲಿ ಐಯೋವದ 28 ಡೆಲಿಗೇಟುಗಳ ಪೈಕಿ 22 ಮಂದಿ ಮೂರನೆಯ ಸ್ಥಾನದಲ್ಲಿದ್ದ ರಾನ್ ಪಾಲ್ ಅವರಿಗೆ ಮತ ಹಾಕಿದರು. 2020ರಲ್ಲಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟ ಕಥೆ ಎಲ್ಲರಿಗೂ ಗೊತ್ತಿದೆ. ಇಂಥ ತಕ್ಕಡಿಯಲ್ಲಿ ತೂಗಿದ ಬಂಗಾರವನ್ನು ಯಾವ ಶೆಟ್ಟರೂ ಕೊಳ್ಳಲಾರರು, ಅದನ್ನು ನಾನು ಒಪ್ಪುತ್ತೇನೆ.

ಲೆಕ್ಕಿಗ (ಡಲ್ಲಾಸ್):

ಎರಡನೆಯ ಪ್ರಶ್ನೆಗೆ, ಅಂದರೆ ಹಣದ ವಿಷಯಕ್ಕೆ, ನಾನು ಬರುತ್ತೇನೆ. ಮೊದಲಿಗೆ ಒಂದು ಸ್ಪಷ್ಟನೆ: ಇಲ್ಲಿ ಎರಡು ಬೇರೆ ಬೇರೆ ಖರ್ಚುಗಳಿವೆ, ಅವನ್ನು ಬೆರೆಸಬಾರದು. ಒಂದು, ಮತಗಟ್ಟೆ, ಸಿಬ್ಬಂದಿ, ಮತಪತ್ರಕ್ಕೆ ತಗಲುವ ಖರ್ಚು; ಪ್ರೈಮರಿಯಾದರೆ ಅದನ್ನು ಬಹುತೇಕ ರಾಜ್ಯ ಮತ್ತು ಕೌಂಟಿಗಳು ಭರಿಸುತ್ತವೆ, ಕಾಕಸ್ ಆದರೆ ಪಕ್ಷ ಭರಿಸುತ್ತದೆ. ಇನ್ನೊಂದು ಅಭ್ಯರ್ಥಿಗಳ ಪ್ರಚಾರದ ಖರ್ಚು. ಜನ ಸಿಟ್ಟಾಗುವುದು ಎರಡನೆಯದರ ಮೇಲೆ.

ವಾಟರ್‌ಗೇಟ್ ಹಗರಣದ ನಂತರ 1974ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಸಭ್ಯ ವ್ಯವಸ್ಥೆ ಮಾಡಿತ್ತು. ನಿಮ್ಮ ಆದಾಯ ತೆರಿಗೆ ನಮೂನೆ 1040ರ ಮೊದಲ ಪುಟದಲ್ಲಿ ಮೂರು ಡಾಲರನ್ನು ಅಧ್ಯಕ್ಷೀಯ ಚುನಾವಣಾ ನಿಧಿಗೆ ಕೊಡುತ್ತೀರಾ ಎಂದು ಕೇಳುವ ಪುಟ್ಟ ಚೌಕವನ್ನು ನೋಡಿರುತ್ತೀರಿ. ಪ್ರೈಮರಿಯ ಅಭ್ಯರ್ಥಿಯೊಬ್ಬರು ಇಪ್ಪತ್ತು ರಾಜ್ಯಗಳಲ್ಲಿ ತಲಾ ಐದು ಸಾವಿರ ಡಾಲರ್ ಸಣ್ಣ ದೇಣಿಗೆಗಳಾಗಿ ಸಂಗ್ರಹಿಸಿದರೆ, ಅಲ್ಲಿಂದ ಮುಂದೆ ಪ್ರತಿ ವ್ಯಕ್ತಿಯ ದೇಣಿಗೆಯ ಮೊದಲ 250 ಡಾಲರಿಗೆ ಸಮನಾದ ಹಣವನ್ನು ಆ ನಿಧಿ ಕೊಡುತ್ತದೆ. ಪ್ರತಿಯಾಗಿ ಅವರು ಖರ್ಚಿನ ಮಿತಿಗೆ ಒಪ್ಪಬೇಕು. ಕಾರ್ಟರ್ ಅವರಿಂದ ಬಿಲ್ ಕ್ಲಿಂಟನ್ ಅವರವರೆಗೆ ಅಧ್ಯಕ್ಷರಾಗಿ ಗೆದ್ದವರೆಲ್ಲರೂ ಈ ದಾರಿಯಲ್ಲೇ ನಡೆದರು. 2000ದಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಪ್ರೈಮರಿಯಲ್ಲಿ ಈ ಹಣ ಬೇಡವೆಂದರು, 2004ರಲ್ಲಿ ಡೀನ್ ಮತ್ತು ಕೆರ್ರಿ ಬೇಡವೆಂದರು, 2008ರಲ್ಲಿ ಒಬಾಮ ಸಾರ್ವತ್ರಿಕ ಚುನಾವಣೆಯಲ್ಲೂ ಬೇಡವೆಂದರು. ಮಿತಿಯಿಲ್ಲದೆ ಸಂಗ್ರಹಿಸಬಲ್ಲವನಿಗೆ ಮಿತಿಯ ಹಣ ಕಾಲಿಗೆ ಕಟ್ಟಿದ ಕಲ್ಲು. ಈಗ ಆ ನಿಧಿಗೆ ಕೈಚಾಚಿದ ಅಭ್ಯರ್ಥಿಯನ್ನು ಪತ್ರಕರ್ತರು 'ಇವರ ಬಳಿ ದುಡ್ಡು ಮುಗಿದಿದೆ' ಎಂದೇ ಓದುತ್ತಾರೆ.

1976ರ ಬಕ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇಣಿಗೆಗೆ ಮಿತಿ ಹಾಕಬಹುದು, ಖರ್ಚಿಗೆ ಹಾಕುವಂತಿಲ್ಲ ಎಂದಿತ್ತು. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಮತ್ತು ಅದರ ಬೆನ್ನಿಗೆ ಬಂದ ಕೆಳ ನ್ಯಾಯಾಲಯದ ತೀರ್ಪಿನಿಂದ ಸೂಪರ್ ಪ್ಯಾಕ್‌ಗಳು, ಅಂದರೆ ಅಭ್ಯರ್ಥಿಯಿಂದ ಪ್ರತ್ಯೇಕವಾಗಿ ಮಿತಿಯಿಲ್ಲದೆ ಹಣ ಸಂಗ್ರಹಿಸಿ ಪ್ರಚಾರಕ್ಕೆ ಖರ್ಚು ಮಾಡುವ ಸಮಿತಿಗಳು, ಹುಟ್ಟಿದವು. 2024ರಲ್ಲಿ ಒಬ್ಬ ವ್ಯಕ್ತಿ ಅಭ್ಯರ್ಥಿಗೆ ನೇರವಾಗಿ ಕೊಡಬಹುದಾದದ್ದು ಪ್ರೈಮರಿಗೆ 3,300 ಡಾಲರ್. ಅದೇ ವ್ಯಕ್ತಿ ಸೂಪರ್ ಪ್ಯಾಕ್‌ಗೆ ಎಷ್ಟು ಕೋಟಿ ಬೇಕಾದರೂ ಕೊಡಬಹುದು. ಮುಂಬಾಗಿಲಿಗೆ ಬೀಗ, ಹಿತ್ತಿಲಿಗೆ ಕದವೇ ಇಲ್ಲ.

ನಮ್ಮವರಿಗೆ ಸಂಬಂಧಿಸಿದ ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗಳಿಗೆ ದೇಣಿಗೆ ಕೊಡಬಹುದು, ಆದರೆ ಮತ ಹಾಕುವಂತಿಲ್ಲ. ಎಚ್-1ಬಿಯಲ್ಲಿರುವವರು ಎರಡನ್ನೂ ಮಾಡುವಂತಿಲ್ಲ. ನನ್ನ ಕಾರ್ಡು ಬಂದ ವರ್ಷವೇ ಒಬ್ಬ ಅಭ್ಯರ್ಥಿಗೆ 25 ಡಾಲರ್ ಕಳಿಸಿದ್ದೆ. ಮತ ಹಾಕುವ ಹಕ್ಕು ಬರಲು ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ದೇಶದ ಪ್ರೈಮರಿಯಲ್ಲಿ ಹಣಕ್ಕೆ ಮೊದಲು ಪ್ರವೇಶ, ಮತಕ್ಕೆ ಆಮೇಲೆ.

ಎಡಿಸನ್ ನಿವಾಸಿ:

ಲೆಕ್ಕಿಗ ಸರ್, ಧನ್ಯವಾದಗಳು. ಆದರೆ ಹಣವೇ ಎಲ್ಲವನ್ನೂ ನಿರ್ಧರಿಸುವುದಾದರೆ ನ್ಯೂಯಾರ್ಕಿನ ಮಾಜಿ ಮೇಯರ್, ಭಾರೀ ಶ್ರೀಮಂತ ಬ್ಲೂಮ್‌ಬರ್ಗ್ ಏಕೆ ಗೆಲ್ಲಲಿಲ್ಲ?

ಲೆಕ್ಕಿಗ:

ಹಣ ಗೆಲ್ಲಿಸುತ್ತದೆ ಎಂದು ನಾನು ಹೇಳಲಿಲ್ಲ. ಬ್ಲೂಮ್‌ಬರ್ಗ್ 2020ರಲ್ಲಿ ನೂರು ದಿನಗಳ ಪ್ರಚಾರಕ್ಕೆ ತಮ್ಮ ಸ್ವಂತದ ನೂರು ಕೋಟಿ ಡಾಲರಿಗೂ ಹೆಚ್ಚು ಸುರಿದು, ಗೆದ್ದದ್ದು ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವ ಒಂದನ್ನೇ. ಅದೇ ಸೂಪರ್ ಮಂಗಳವಾರ, ಅಂದರೆ ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ದಿನ, ಬೈಡನ್ ಅವರು ತಾವು ಹೆಚ್ಚಾಗಿ ಪ್ರಚಾರ ಮಾಡದ, ಜಾಹೀರಾತನ್ನೂ ಹೆಚ್ಚಾಗಿ ಕೊಡದ ಮಿನೆಸೋಟ, ಮ್ಯಾಸಚೂಸೆಟ್ಸ್‌ಗಳನ್ನು ಗೆದ್ದರು. 2016ರಲ್ಲಿ ಜೆಬ್ ಬುಷ್ ಪರವಾದ ಸೂಪರ್ ಪ್ಯಾಕ್ ಆರಂಭದಲ್ಲೇ ಹತ್ತು ಕೋಟಿ ಡಾಲರ್ ದಾಟಿ ಸಂಗ್ರಹಿಸಿತ್ತು. ಅವರು ನಾಲ್ಕು ಡೆಲಿಗೇಟುಗಳೊಂದಿಗೆ ಫೆಬ್ರುವರಿಯಲ್ಲೇ ಮನೆಗೆ ಹೋದರು. ಇನ್ನೂ ಹಳೆಯ ಕಥೆ ಬೇಕೆಂದರೆ 1980ರಲ್ಲಿ ಟೆಕ್ಸಸ್‌ನ ಜಾನ್ ಕಾನಲಿ ಒಂದು ಕೋಟಿ ಹತ್ತು ಲಕ್ಷ ಡಾಲರ್ ಖರ್ಚು ಮಾಡಿ ಒಂದೇ ಒಂದು ಡೆಲಿಗೇಟನ್ನು ಸಂಪಾದಿಸಿದ್ದರು.

ಹಣ ಮಾಡುವ ಕೆಲಸ ಬೇರೆ. ಅದು ಗೆಲ್ಲಿಸುವುದಿಲ್ಲ, ಕಣದಲ್ಲಿ ಉಳಿಸುತ್ತದೆ. ಐಯೋವದಲ್ಲಿ ಮೂರನೆಯವರಾದವರು ನೆವಾಡದವರೆಗೆ ವಿಮಾನದ ಟಿಕೆಟ್, ಸಿಬ್ಬಂದಿಯ ಸಂಬಳ, ಟಿವಿ ಜಾಹೀರಾತು ಕೊಳ್ಳಬಲ್ಲರೇ ಎಂಬುದೇ ಪ್ರಶ್ನೆ. ಮೊದಲ ಎರಡು ರಾಜ್ಯಗಳ ಸುದ್ದಿ ನೋಡಿ ದಾನಿಗಳು ಹಣ ಕೊಡುತ್ತಾರೆ ಅಥವಾ ನಿಲ್ಲಿಸುತ್ತಾರೆ, ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಉದುರುತ್ತಾರೆ, ನಿಮ್ಮ ಜೂನ್ ತಿಂಗಳ ಹೊತ್ತಿಗೆ ಒಬ್ಬರು ಉಳಿದಿರುತ್ತಾರೆ. 2020ರಲ್ಲಿ ಐಯೋವದಲ್ಲಿ ಪಣಕ್ಕಿದ್ದದ್ದು 3,979 ಡೆಲಿಗೇಟುಗಳ ಪೈಕಿ 41, ಅಂದರೆ ನೂರಕ್ಕೆ ಒಂದು. ಆ ಒಂದರ ಬೆಲೆ ಉಳಿದ ತೊಂಬತ್ತೊಂಬತ್ತರ ಮೇಲೆ ಬೀಳುತ್ತದೆ. ಆದ್ದರಿಂದ ನಿಮ್ಮ ಎರಡು ಪ್ರಶ್ನೆಗಳು ನನ್ನ ದೃಷ್ಟಿಯಲ್ಲಿ ಒಂದೇ: ಸರದಿ ಅನ್ಯಾಯದ್ದಾಗಿರುವುದರಿಂದ ಹಣ ಮೊದಲೇ ಬೇಕಾಗುತ್ತದೆ, ಮೊದಲೇ ಬೇಕಾಗುವುದರಿಂದ ಅದನ್ನು ಹೊಂದಿಸಬಲ್ಲವರು ಮಾತ್ರ ಸರದಿಗೆ ನಿಲ್ಲುತ್ತಾರೆ.

ಈ ಮೊದಲಿನ ಧಾವಂತ ಎಲ್ಲಿಗೆ ಮುಟ್ಟಿದೆಯೆಂದರೆ, 2023ರಲ್ಲಿ ರಿಪಬ್ಲಿಕನ್ನರ ಮೊದಲ ಚರ್ಚೆಯ ವೇದಿಕೆ ಏರಲು ನಲವತ್ತು ಸಾವಿರ ದಾನಿಗಳು ಬೇಕೆಂಬ ನಿಯಮ ಬಂದಾಗ, ನಾರ್ತ್ ಡಕೋಟದ ರಾಜ್ಯಪಾಲ ಬರ್ಗಮ್ ಒಂದು ಡಾಲರ್ ದೇಣಿಗೆ ಕೊಟ್ಟವರಿಗೆ ಇಪ್ಪತ್ತು ಡಾಲರಿನ ಗಿಫ್ಟ್ ಕಾರ್ಡ್ ಹಂಚಿ ವೇದಿಕೆ ಏರಿದರು. ಒಂದಕ್ಕೆ ಇಪ್ಪತ್ತು! ನಮ್ಮೂರಿನ ಚಿಟ್‌ಫಂಡಿನವರೂ ಇಷ್ಟು ಕೊಡುವುದಿಲ್ಲ.

ಮಳೆಯೂರಿನವಳು (ಸಿಯಾಟಲ್):

ಲೆಕ್ಕಿಗರು ಮತಗಟ್ಟೆಯ ಖರ್ಚನ್ನು ಒಂದೇ ವಾಕ್ಯದಲ್ಲಿ ದಾಟಿದರು. ನನಗೆ ಸಿಟ್ಟು ಬರುವುದು ಅದರ ಮೇಲೆಯೇ. 2016ರ ಮಾರ್ಚಿನಲ್ಲಿ ನಮ್ಮ ವಾಷಿಂಗ್ಟನ್ ರಾಜ್ಯದ ಡೆಮಾಕ್ರಟಿಕ್ ಕಾಕಸ್ ನಡೆಯಿತು. ಸುಮಾರು ಎರಡು ಲಕ್ಷ ಮೂವತ್ತು ಸಾವಿರ ಜನ ಬಂದರು, ಸ್ಯಾಂಡರ್ಸ್ ಭಾರೀ ಅಂತರದಿಂದ ಗೆದ್ದರು. ಎರಡು ತಿಂಗಳ ಮೇಲೆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತೆರಿಗೆದಾರರ ಹಣದಲ್ಲಿ ಎಲ್ಲರ ಮನೆಗೂ ಪ್ರೈಮರಿಯ ಮತಪತ್ರ ಕಳಿಸಿತು. ನಾನು ಊಟದ ಮೇಜಿನ ಮೇಲೆ ಅದನ್ನು ಬಿಡಿಸಿ, ಲಕೋಟೆಯ ಮೇಲೆ ನಾನು ಯಾವ ಪಕ್ಷದವಳೆಂದು ಸಹಿ ಮಾಡಿ, ಅಂಚೆಗೆ ಹಾಕಿದೆ. ಎಂಟು ಲಕ್ಷ ಡೆಮಾಕ್ರಟಿಕ್ ಮತಗಳು ಬಿದ್ದವು, ಈ ಬಾರಿ ಕ್ಲಿಂಟನ್ ಮುಂದಿದ್ದರು. ಆದರೆ ಡೆಲಿಗೇಟುಗಳನ್ನು ಹಂಚುವುದಕ್ಕೆ ಪಕ್ಷ ಆಗ ಕಾಕಸನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದರಿಂದ ಆ ಎಂಟು ಲಕ್ಷ ಮತಗಳಿಗೆ ಬೆಲೆಯಿರಲಿಲ್ಲ. ಸಣ್ಣ ಗುಂಪಿನ ಮಾತು ನಡೆಯಿತು, ದೊಡ್ಡ ಗುಂಪಿನ ಮತವನ್ನು ಎಣಿಸಿ ಕಡತಕ್ಕೆ ಸೇರಿಸಿದರು. 2020ಕ್ಕೆ ನಮ್ಮ ರಾಜ್ಯದ ಡೆಮಾಕ್ರಟರು ಕಾಕಸ್ ಬಿಟ್ಟು ಪ್ರೈಮರಿಗೆ ಬಂದದ್ದು ಈ ನಾಚಿಕೆಯಿಂದಲೇ ಇರಬೇಕು.

ಮಿಸೌರಿಯಲ್ಲಿ 2012ರಲ್ಲಿ ಸುಮಾರು ಎಪ್ಪತ್ತು ಲಕ್ಷ ಡಾಲರ್ ಖರ್ಚಿನಲ್ಲಿ ನಡೆದ ಪ್ರೈಮರಿಯಿಂದ ಒಬ್ಬ ರಿಪಬ್ಲಿಕನ್ ಡೆಲಿಗೇಟೂ ಹುಟ್ಟಲಿಲ್ಲ. ಅವರ ಆಯ್ಕೆ ಆಮೇಲೆ ಕಾಕಸಿನಲ್ಲಿ ಆಯಿತು. ನೆವಾಡದ 2024ರ ಪ್ರಸಂಗ ಇದಕ್ಕಿಂತ ಸ್ವಾರಸ್ಯಕರ: ಕಾನೂನಿನಂತೆ ರಾಜ್ಯ ಫೆಬ್ರುವರಿ 6ರಂದು ಪ್ರೈಮರಿ ನಡೆಸಿತು, ರಿಪಬ್ಲಿಕನ್ ಪಕ್ಷ ಅದನ್ನು ಲೆಕ್ಕಿಸದೆ ಎರಡು ದಿನದ ಮೇಲೆ ತನ್ನದೇ ಕಾಕಸ್ ನಡೆಸಿ, ಅದಕ್ಕೆ ಸೇರಲು ಅಭ್ಯರ್ಥಿಗಳಿಂದ 55,000 ಡಾಲರ್ ಶುಲ್ಕ ವಸೂಲು ಮಾಡಿತು. ನ್ಯೂಹ್ಯಾಂಪ್‌ಶೈರಿನಲ್ಲಿ ಆ ಶುಲ್ಕ ಸಾವಿರ ಡಾಲರ್. ಟ್ರಂಪ್ ಕಾಕಸಿಗೆ ಹೋದರು, ನಿಕ್ಕಿ ಹೇಲಿ ಪ್ರೈಮರಿಗೆ ಹೋದರು, ಪ್ರಮುಖ ಎದುರಾಳಿಯಿಲ್ಲದ ಆ ಪ್ರೈಮರಿಯಲ್ಲಿ 'ಇವರಲ್ಲಿ ಯಾರೂ ಅಲ್ಲ' ಎಂಬ ಆಯ್ಕೆಗೆ ಸೋತರು. ಪಕ್ಷ ಖಾಸಗಿ ಸಂಸ್ಥೆ, ತನ್ನ ಅಭ್ಯರ್ಥಿಯನ್ನು ತನಗೆ ಬೇಕಾದಂತೆ ಆರಿಸಿಕೊಳ್ಳಬಹುದು ಎನ್ನುವುದಾದರೆ ಅದರ ಮನೆಯ ಮದುವೆಗೆ ಚಪ್ಪರದ ಖರ್ಚನ್ನು ನಾನೇಕೆ ಕೊಡಬೇಕು?

ಹಳೇ ಮೇಷ್ಟ್ರು:

ಮಳೆಯೂರಿನ ತಾಯಿ ಕೇಳಿದ ಪ್ರಶ್ನೆ ಬಹಳ ಹಳೆಯದು, ಅದಕ್ಕೆ ಕಹಿಯಾದ ಚರಿತ್ರೆಯೂ ಇದೆ. ಒಂದು ಕಾಲದಲ್ಲಿ ಟೆಕ್ಸಸ್‌ನ ಡೆಮಾಕ್ರಟಿಕ್ ಪಕ್ಷ ತನ್ನ ಪ್ರೈಮರಿಯಲ್ಲಿ ಬಿಳಿಯರಿಗೆ ಮಾತ್ರ ಮತದಾನವೆಂದು ಘೋಷಿಸಿತ್ತು. ಆ ರಾಜ್ಯದಲ್ಲಿ ಆ ಪಕ್ಷದ ಟಿಕೆಟ್ ಸಿಕ್ಕರೆ ಗೆದ್ದಂತೆಯೇ. ಆದ್ದರಿಂದ ನವೆಂಬರಿನಲ್ಲಿ ಕಪ್ಪು ಜನರಿಗಿದ್ದ ಮತದ ಹಕ್ಕು ಕಾಗದದ ಹೂವಾಗಿತ್ತು. ಪಕ್ಷ ಖಾಸಗಿ ಸಂಘ, ಅದರ ಸದಸ್ಯತ್ವ ಅದರ ಇಚ್ಛೆ ಎಂಬ ವಾದವನ್ನು 1935ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಯೂಬಿಟ್ಟಿತ್ತು. ಹ್ಯೂಸ್ಟನ್ನಿನ ದಂತವೈದ್ಯರಾದ ಲಾನಿ ಸ್ಮಿತ್ ತಮಗೆ ಮತಪತ್ರ ನಿರಾಕರಿಸಿದ್ದರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಥರ್ಗುಡ್ ಮಾರ್ಷಲ್ ವಾದಿಸಿ, 1944ರಲ್ಲಿ ಅದೇ ನ್ಯಾಯಾಲಯ ತನ್ನ ಮಾತನ್ನು ಹಿಂತೆಗೆದುಕೊಳ್ಳುವಂತೆ ಮಾಡಿದರು. ಪ್ರೈಮರಿಯು ಸರ್ಕಾರದ ಚುನಾವಣಾ ಯಂತ್ರದ ಭಾಗವಾಗಿರುವುದರಿಂದ ಅಲ್ಲಿ ಸಂವಿಧಾನ ಅನ್ವಯಿಸುತ್ತದೆ ಎಂಬುದು ಆ ತೀರ್ಪಿನ ತಿರುಳು.

ಹಾಗಾಗಿ ಚಪ್ಪರದ ಖರ್ಚು ಸರ್ಕಾರದ್ದಾಗಿರುವುದರಲ್ಲಿ ಒಂದು ರಕ್ಷಣೆಯಿದೆ: ಚಪ್ಪರ ನಿಮ್ಮದಾದರೆ ಬಾಗಿಲಲ್ಲಿ ನಿಂತು ಜಾತಿ ಕೇಳುವ ಅಧಿಕಾರ ಮನೆಯವನಿಗಿರುವುದಿಲ್ಲ. ಆದರೆ 2000ದಲ್ಲಿ ಕ್ಯಾಲಿಫೋರ್ನಿಯದ ಪ್ರಕರಣವೊಂದರಲ್ಲಿ, ಬೇರೆ ಪಕ್ಷದವರನ್ನೂ ಪ್ರೈಮರಿಗೆ ಸೇರಿಸಿಕೊಳ್ಳಬೇಕೆಂದು ಪಕ್ಷವನ್ನು ರಾಜ್ಯ ಬಲವಂತ ಮಾಡುವಂತಿಲ್ಲ ಎಂದೂ ನ್ಯಾಯಾಲಯ ಹೇಳಿದೆ. ಅರ್ಧ ಸಾರ್ವಜನಿಕ, ಅರ್ಧ ಖಾಸಗಿ. ಈ ಅರೆಬರೆ ಸ್ಥಿತಿಯ ಫಲವಾಗಿಯೇ ನ್ಯೂಯಾರ್ಕಿನಲ್ಲಿ 2016ರ ಏಪ್ರಿಲ್ ಪ್ರೈಮರಿಗೆ ಪಕ್ಷ ಬದಲಿಸುವ ಕೊನೆಯ ದಿನ ಹಿಂದಿನ ವರ್ಷದ ಅಕ್ಟೋಬರ್ 9 ಆಗಿತ್ತು, ಮತ್ತು ಆ ದಿನವನ್ನು ಮರೆತ ಟ್ರಂಪ್ ಅವರ ಇಬ್ಬರು ಮಕ್ಕಳು ತಮ್ಮ ತಂದೆಗೇ ಮತ ಹಾಕಲಾಗದೆ ಹೋದರು.

ಪುತ್ತೂರಿನವ (ದಕ್ಷಿಣ ಕನ್ನಡ):

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ಹೇಳಬೇಕೆನಿಸಿತು. ನಿಮಗೆ ಕೊನೆಯ ಪಂಕ್ತಿಯಾದರೂ ಇದೆ. ನಮಗೆ ಪಂಕ್ತಿಯೇ ಇಲ್ಲ. ಇಲ್ಲಿ ಬಿ ಫಾರಂ ಯಾರ ಕೈಗೆ ಎಂಬುದು ದೆಹಲಿಯ ಕೊಠಡಿಯೊಂದರಲ್ಲಿ ತೀರ್ಮಾನವಾಗಿ, ನಾಮಪತ್ರದ ಕೊನೆಯ ದಿನ ವಿಮಾನದಲ್ಲಿ ಬರುತ್ತದೆ. 2014ರಲ್ಲಿ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ದೇಶದ ಕೆಲವೇ ಲೋಕಸಭಾ ಕ್ಷೇತ್ರಗಳಲ್ಲಿ ಪ್ರೈಮರಿಯ ಪ್ರಯೋಗ ಮಾಡಿತ್ತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ನಮ್ಮ ದಕ್ಷಿಣ ಕನ್ನಡ. ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಮತ ಹಾಕಿದ್ದು ಸಾಮಾನ್ಯ ಮತದಾರರಲ್ಲ, ಪಕ್ಷದ ಪದಾಧಿಕಾರಿಗಳು ಮತ್ತು ಆಯ್ದ ಪ್ರತಿನಿಧಿಗಳು. ಸಾರ್ವತ್ರಿಕ ಚುನಾವಣೆಯಲ್ಲಿ ಇಬ್ಬರೂ ಬಿಜೆಪಿಯ ಎದುರು ಸೋತರು, ಪ್ರಯೋಗವೂ ಅಲ್ಲಿಗೇ ನಿಂತಿತು. ಅದರ ಖರ್ಚಿನ ಬಗ್ಗೆ ಯಾರೂ ದೂರಿದ್ದು ನನಗೆ ನೆನಪಿಲ್ಲ. ದೂರು ಇದ್ದದ್ದು, ಸೋತವರು ಆಮೇಲೆ ಗೆದ್ದವರ ಪರವಾಗಿ ಮನೆಯಿಂದ ಹೊರಗೆ ಬರಲಿಲ್ಲ ಎಂದು.

ಲೆಕ್ಕಿಗ:

ಪುತ್ತೂರಿನವರು ಊರಿನ ಸುದ್ದಿ ತಂದದ್ದರಿಂದ ನಾನೂ ಒಂದು ಸೇರಿಸುತ್ತೇನೆ, ಅಧ್ಯಕ್ಷೀಯ ಪ್ರೈಮರಿಯಲ್ಲದಿದ್ದರೂ ನ್ಯಾಯದ ಪ್ರಶ್ನೆ ಅದೇ. ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ರಾಜ್ಯಪಾಲ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸ್ವಂತದ ಒಂದು ಕೋಟಿ ಡಾಲರಿನಷ್ಟು ಹಾಕಿ ಮೂರನೆಯವರಾದರು. 2022ರಲ್ಲಿ ಡೆಟ್ರಾಯಿಟ್ ಸುತ್ತಲಿನ ಕ್ಷೇತ್ರದ ಪ್ರೈಮರಿಯಲ್ಲಿ ಒಂಬತ್ತು ಮಂದಿಯ ನಡುವೆ ಶೇ 28ರಷ್ಟು ಮತ ಪಡೆದು ಗೆದ್ದರು, ಡೆಮಾಕ್ರಟರಿಗೆ ಭದ್ರವಾದ ಆ ಕ್ಷೇತ್ರದಲ್ಲಿ ನವೆಂಬರ್ ಸುಲಭವಾಯಿತು. ನೂರರಲ್ಲಿ ಎಪ್ಪತ್ತೆರಡು ಮಂದಿ ಬೇರೆಯವರನ್ನು ಬಯಸಿದ್ದರೂ ಗೆಲುವು ಗೆಲುವೇ. 2016ರ ಸೌತ್ ಕೆರೊಲಿನದ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಶೇ 32.5 ಮತ ಪಡೆದು ಐವತ್ತಕ್ಕೆ ಐವತ್ತೂ ಡೆಲಿಗೇಟುಗಳನ್ನು ಪಡೆದದ್ದೂ ಇದೇ ಲೆಕ್ಕ. ಡೆಮಾಕ್ರಟರು ಎಲ್ಲ ಕಡೆ ಮತದ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ, ಆದರೆ ಅಲ್ಲಿ ಶೇ 15ಕ್ಕಿಂತ ಕೆಳಗಿನವರಿಗೆ ಸೊನ್ನೆ.

ಮತದಾರರು ತಮ್ಮ ಆಯ್ಕೆಗಳನ್ನು ಒಂದು, ಎರಡು, ಮೂರು ಎಂದು ಬರೆಯುವ ಪದ್ಧತಿ ಇದಕ್ಕೆ ಅಗ್ಗದ ಮದ್ದು. 2020ರಲ್ಲಿ ಅಲಾಸ್ಕ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ಗಳ ಡೆಮಾಕ್ರಟರು ಅದನ್ನು ಬಳಸಿದರು. ಆ ವರ್ಷ ಬುಟಿಜಜ್ ಮಾರ್ಚ್ 1ರಂದು, ಕ್ಲೋಬುಚಾರ್ ಮಾರ್ಚ್ 2ರಂದು ಕಣ ಬಿಟ್ಟರು. ಮಾರ್ಚ್ 3ರ ಸೂಪರ್ ಮಂಗಳವಾರಕ್ಕೆಂದು ಕ್ಯಾಲಿಫೋರ್ನಿಯ, ಟೆಕ್ಸಸ್‌ಗಳಲ್ಲಿ ಮುಂಚಿತವಾಗಿ ಮತ ಹಾಕಿದ್ದ ಅವರ ಬೆಂಬಲಿಗರ ಮತ ಗಾಳಿಗೆ ಹೋಯಿತು. ಆ ಮತಪತ್ರದಲ್ಲಿ ಎರಡನೆಯ ಆಯ್ಕೆಗೆ ಜಾಗವಿದ್ದಿದ್ದರೆ ಆ ಮತಗಳು ಉಳಿಯುತ್ತಿದ್ದವು.

ಮಳೆಯೂರಿನವಳು:

ನನ್ನ ತಮ್ಮನದು ಅಂಥದೇ ಒಂದು ಮತ. ಅವನು ಈಗಲೂ ಕೊನೆಯ ದಿನದವರೆಗೆ ಲಕೋಟೆಯನ್ನು ಫ್ರಿಜ್ಜಿನ ಮೇಲೆ ಇಟ್ಟಿರುತ್ತಾನೆ.

ಎಡಿಸನ್ ನಿವಾಸಿ:

ಹಾಗಾದರೆ ಎಲ್ಲ ರಾಜ್ಯಗಳೂ ಒಂದೇ ದಿನ ಪ್ರೈಮರಿ ನಡೆಸಿದರೆ ಆಗದೇ? ಪಂಕ್ತಿಯ ತಂಟೆಯೇ ಇರುವುದಿಲ್ಲ.

ಜೋಳದ ಹೊಲ:

ಸರ್, ಆ ದಾರಿ ನೋಡಲು ನೇರವಾಗಿದೆ, ನಡೆದರೆ ಲೆಕ್ಕಿಗರ ಊರಿಗೇ ತಲುಪಿಸುತ್ತದೆ. ಐವತ್ತು ರಾಜ್ಯಗಳಲ್ಲಿ ಒಂದೇ ದಿನಕ್ಕೆ ಪ್ರಚಾರ ಮಾಡಬೇಕೆಂದರೆ ಮೊದಲ ದಿನದಿಂದಲೇ ದೇಶವಿಡೀ ಟಿವಿ ಜಾಹೀರಾತು ಕೊಳ್ಳಬಲ್ಲವರಷ್ಟೇ ನಿಲ್ಲಬೇಕು. 2008ರ ಐಯೋವದಲ್ಲಿ ಒಬಾಮ ಗೆದ್ದದ್ದು ಊರೂರಿನ ಶಾಲೆ, ಹೋಟೆಲು, ಸಂತೆಗಳಲ್ಲಿ ಕೈಕುಲುಕಿ ನಿಂತು. ಅಂಥವರು ಎದ್ದು ಬರಲು ಚಿಕ್ಕ ಅಂಗಳವೊಂದು ಬೇಕು. ನನ್ನ ತಕರಾರು ಚಿಕ್ಕ ಅಂಗಳದ ಮೇಲಲ್ಲ, ಅದು ಯಾವಾಗಲೂ ನಮ್ಮದೇ ಆಗಿರುವುದರ ಮೇಲೆ. ನಮ್ಮ ರಾಜ್ಯದಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯವರೆಗೆ ಬಿಳಿಯರು; ಡೆಮಾಕ್ರಟಿಕ್ ಪಕ್ಷದ ಬೆನ್ನೆಲುಬಾದ ಕಪ್ಪು ಮತದಾರರ ಮಾತು ಕೇಳುವ ಹೊತ್ತಿಗೆ ಅರ್ಧ ಅಭ್ಯರ್ಥಿಗಳು ಮನೆಗೆ ಹೋಗಿರುತ್ತಿದ್ದರು. 2024ಕ್ಕೆ ಆ ಪಕ್ಷ ಸೌತ್ ಕೆರೊಲಿನವನ್ನು ಫೆಬ್ರುವರಿ 3ಕ್ಕೆ ಮೊದಲಿಗಿಟ್ಟು ನಮ್ಮನ್ನು ಹಿಂದಕ್ಕೆ ತಳ್ಳಿದ್ದು ನನಗೆ ನೋವಾಗಿದ್ದರೂ ತಪ್ಪೆನಿಸಲಿಲ್ಲ. ನ್ಯೂಹ್ಯಾಂಪ್‌ಶೈರ್ ತನ್ನ ಕಾನೂನು ತೋರಿಸಿ ಜನವರಿ 23ಕ್ಕೇ ನಡೆಸಿತು. ಮತಪತ್ರದಲ್ಲಿ ಹೆಸರಿಲ್ಲದ ಬೈಡನ್ ಅವರ ಹೆಸರನ್ನು ಜನ ಕೈಯಾರೆ ಬರೆದು ಗೆಲ್ಲಿಸಿದರು.

ರಾಜ್ಯಗಳ ಚುನಾವಣಾ ಕಾರ್ಯದರ್ಶಿಗಳ ಸಂಘ 1999ರಿಂದ ಒಂದು ಸಲಹೆ ಇಟ್ಟಿದೆ: ದೇಶವನ್ನು ನಾಲ್ಕು ಭಾಗ ಮಾಡಿ, ತಿಂಗಳಿಗೊಂದು ಭಾಗ ಮತ ಹಾಕಲಿ, ನಾಲ್ಕು ವರ್ಷಕ್ಕೊಮ್ಮೆ ಸರದಿ ತಿರುಗಲಿ. ಆದರೆ ಆ ಸಲಹೆಯಲ್ಲೂ ಐಯೋವ ಮತ್ತು ನ್ಯೂಹ್ಯಾಂಪ್‌ಶೈರಿಗೆ ವಿನಾಯಿತಿ ಇಟ್ಟಿದ್ದಾರೆ! ನಮ್ಮ ಬಡಾವಣೆಯ ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು, ಒಬ್ಬರೂ ಬೇಡವೆನ್ನಲಿಲ್ಲ.

ಎಡಿಸನ್ ನಿವಾಸಿ:

ತಿರುಗುವ ಸರದಿಯೇ ಸರಿಯೆಂದು ನನಗೂ ಈಗ ತೋರುತ್ತಿದೆ. ಹದಿನಾರು ವರ್ಷಕ್ಕೊಮ್ಮೆಯಾದರೂ ನ್ಯೂಜೆರ್ಸಿಯವನು ಬಿಸಿ ಅನ್ನ ಉಣ್ಣಲಿ. ನಾನು ಅಷ್ಟು ವರ್ಷ ಇರುತ್ತೇನೋ ಇಲ್ಲವೋ, ಮಗಳು ಇರುತ್ತಾಳೆ. ಜೋಳದ ಹೊಲದ ಅಕ್ಕನವರಿಗೆ ಒಂದು ಚಿಕ್ಕ ಪ್ರಶ್ನೆ: ಕಾಕಸ್ ಖರ್ಚು ಪಕ್ಷದ್ದು ಎಂದು ಲೆಕ್ಕಿಗರು ಹೇಳಿದರಲ್ಲ, ಆ ಶಾಲೆಯ ಸಭಾಂಗಣದ ಸಂಜೆಗೆ ಹಣ ನಿಜವಾಗಿ ಎಲ್ಲಿಂದ ಬಂತು?

ಜೋಳದ ಹೊಲ:

ಎಣಿಕೆ ಶುರುವಾಗುವ ಮೊದಲು ಒಂದು ದೊಡ್ಡ ಕಂದು ಲಕೋಟೆ ಕೈಯಿಂದ ಕೈಗೆ ಬರುತ್ತದೆ, ಎಲ್ಲರೂ ಅದರಲ್ಲಿ ತಮ್ಮ ಶಕ್ತ್ಯಾನುಸಾರ ಹಾಕುತ್ತಾರೆ. ದೇವಸ್ಥಾನದ ಮಂಗಳಾರತಿ ತಟ್ಟೆಯ ಹಾಗೆ. ನಾನು ಐದು ಡಾಲರ್ ಹಾಕಿದೆ. ನನ್ನ ಹಿಂದೆ ನಿಂತಿದ್ದ ಕಾಲೇಜು ಹುಡುಗ ಜೇಬು ತಡಕಿ, ನಾಲ್ಕು ಕ್ವಾರ್ಟರ್ ನಾಣ್ಯ ಹಾಕಿ, ಆಮೇಲೆ ಪಾರ್ಕಿಂಗ್ ಮೀಟರಿಗೆ ಬೇಕೆಂದು ಒಂದನ್ನು ವಾಪಸು ತೆಗೆದುಕೊಂಡ.